ಅಡಿಗೆಮನೆಯ ಕಲ್ಲು

ಕಲ್ಲು ಎಂದೊಡನೆ ನಮ್ಮಂಥ ಕನ್ನಡ ಮಾಸ್ತರರಿಗೆ ಮೊದಲು ನೆನಪಾಗುವುದು ಶಾಸನ; ಅನಂತರ ಗುಡಿ; ಅದರ ಹಿಂದೆ ವೀರಗಲ್ಲು, ಮಾಸ್ತಿಗಲ್ಲು. ಅಡಿಗೆಮನೆಯ ಕಲ್ಲು ನೆನಪಿಗೆ ಬರುವುದು ಎಲ್ಲಕ್ಕೂ ಕಡೆಗೆ, ಅದೂ ಹಸಿವಾದಾಗ. ಆದರೆ ಲೆಕ್ಕ ಹಾಕಿ ನೋಡಿದರೆ ಮನುಷ್ಯನ ಕೈ ದಿನಕ್ಕೆ ಅತ್ಯಂತ ಹೆಚ್ಚು ಸಲ ಮುಟ್ಟುವ ಕಲ್ಲು ಅದೇ. ಊರಿನ ಶಾಸನವನ್ನು ಯಾರೋ ಒಬ್ಬ ಸಂಶೋಧಕ ವರ್ಷಕ್ಕೊಮ್ಮೆ ಬಂದು ತೊಳೆದು ಅಚ್ಚು ತೆಗೆದುಕೊಂಡು ಹೋಗುತ್ತಾನೆ. ಅಡಿಗೆಯ ಕಟ್ಟೆಯಾದರೋ ಬೆಳಗಿನ ಚಹದಿಂದ ಮೊದಲ್ಗೊಂಡು ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ದುಡಿಯುತ್ತಲೇ ಇರುತ್ತದೆ. ಅದರ ಮೇಲೆ ಹುಣಸೆಯ ಹುಳಿ ಚೆಲ್ಲುತ್ತದೆ, ಬಿಸಿ ಪಾತ್ರೆ ಇಳಿಯುತ್ತದೆ, ಬ್ಯಾಡಗಿ ಮೆಣಸಿನಕಾಯಿಯ ಖಾರ ಉದುರುತ್ತದೆ, ಜೋಳದ ರೊಟ್ಟಿಯ ಬಡಿತ ಬೀಳುತ್ತದೆ. ಇಷ್ಟೆಲ್ಲ ತಾಳಿಕೊಳ್ಳಬೇಕಾದ ಕಲ್ಲನ್ನು ನಮ್ಮ ಮನೆಗಳಲ್ಲಿ ಆರಿಸುವವರು ಯಾರು? ಬಹುಮಟ್ಟಿಗೆ, ಆ ಕಟ್ಟೆಯ ಮುಂದೆ ಎಂದೂ ನಿಲ್ಲದ ಗಂಡಸರು. ಪಡಸಾಲೆಯ ನೆಲಕ್ಕೆ ನಾಲ್ಕು ಊರು ತಿರುಗಿ ಕಲ್ಲು ತರುವವರು ಅಡಿಗೆಮನೆಗೆ ಅಂಗಡಿಯಲ್ಲಿ ಉಳಿದ ತುಂಡನ್ನು ಅರ್ಧ ಗಂಟೆಯಲ್ಲಿ ಗೊತ್ತು ಮಾಡಿ ಬರುತ್ತಾರೆ. ನಾನು ಇಂದು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಮುಖ್ಯ ಕಾರಣ ಅದು.

ಕಟ್ಟೆ ಎಂಬುದೇ ನಮ್ಮ ಅಡಿಗೆಮನೆಗೆ ಹೊಸದು. ನಮ್ಮ ತಾಯಂದಿರು ಸಾರಿಸಿದ ನೆಲದ ಮೇಲೆ ಕುಳಿತು ಅಡಿಗೆ ಮಾಡಿದವರು. ಆಗಲೂ ಮನೆಯಲ್ಲಿ ಕಲ್ಲಿಗೆ ಕೊರತೆಯಿರಲಿಲ್ಲ: ಒರಳು, ಅದರ ಗುಂಡು, ಬೀಸುವ ಕಲ್ಲು, ಏಲಕ್ಕಿ ಶುಂಠಿ ಕುಟ್ಟಲು ಒಂದು ಸಣ್ಣ ಕಲ್ಬತ್ತು. ಒಂದೊಂದಕ್ಕೂ ಒಂದೊಂದು ಕೆಲಸ. ಸವೆದು ನುಣುಪಾದ ಬೀಸುವ ಕಲ್ಲಿಗೆ ಉಳಿಯಿಂದ ಮತ್ತೆ ಕಚ್ಚು ಹಾಕಿಕೊಡುವವರು ಓಣಿ ಓಣಿ ಕೂಗುತ್ತ ಬರುತ್ತಿದ್ದರು. ಹೆಂಗಸರು ಅಂಗೈಯಿಂದ ಕಲ್ಲನ್ನು ಸವರಿ ನೋಡಿ, ಇಲ್ಲಿ ಸಾಲದು, ಅಲ್ಲಿ ಹೆಚ್ಚಾಯಿತು ಎಂದು ತಪ್ಪು ತೋರಿಸುತ್ತಿದ್ದರು. ಕಲ್ಲನ್ನು ಪರೀಕ್ಷಿಸುವ ವಿದ್ಯೆ ಆಗ ಅಡಿಗೆ ಮಾಡುವವರ ಕೈಯಲ್ಲಿಯೇ ಇತ್ತು. ಮುಂದೆ ಗ್ಯಾಸಿನ ಒಲೆ ಬಂದಿತು. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕೆಂಬ ನಿಯಮ ಬಂದಿತು. ಅದರೊಡನೆ ಕಟ್ಟೆ ಎದ್ದಿತು. ಕುಳಿತವರು ಎದ್ದು ನಿಂತರು. ಕಲ್ಲಿನ ಆಯ್ಕೆ ಮಾತ್ರ ಆ ಗದ್ದಲದಲ್ಲಿ ಗೌಂಡಿಯ ಕೈಗೂ ಮನೆಯ ಯಜಮಾನನ ಕೈಗೂ ಹೋಯಿತು.

ಮೊದಲ ಕಟ್ಟೆಗಳಿಗೆ ನಮ್ಮ ಕಡೆ ಹಾಸಿದುದು ಎರಡು ಬಗೆಯ ಫರಸಿ. ಒಂದು ಕಲಬುರ್ಗಿ ಸೀಮೆಯ ಶಹಾಬಾದ ಕಲ್ಲು, ಮತ್ತೊಂದು ಆಂಧ್ರದಿಂದ ಬರುವ ಕಪ್ಪಾದ ಕಡಪ ಕಲ್ಲು. ಎರಡೂ ಹುಟ್ಟಿನಲ್ಲಿ ಸುಣ್ಣಕಲ್ಲುಗಳೇ. ಪ್ರಾಚೀನ ಸಮುದ್ರಗಳ ತಳದಲ್ಲಿ ಪದರ ಪದರವಾಗಿ ಕುಳಿತು ಗಟ್ಟಿಯಾದವು; ಆದುದರಿಂದಲೇ ಹಲಗೆ ಹಲಗೆಯಾಗಿ ಸುಲಭವಾಗಿ ಏಳುತ್ತವೆ, ಅಗ್ಗವಾಗಿಯೂ ಸಿಗುತ್ತವೆ. ಶಹಾಬಾದ, ವಾಡಿಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಹುಟ್ಟಿದುದಕ್ಕೂ ಈ ಸುಣ್ಣಕಲ್ಲೇ ಆಧಾರ. ನೆಲಕ್ಕೆ, ಅಂಗಳಕ್ಕೆ, ಮಾಡಿನ ಹಲಗೆಗೆ ಇವು ಬಹಳ ಒಳ್ಳೆಯ ಕಲ್ಲುಗಳು. ಅಡಿಗೆಯ ಕಟ್ಟೆಗೆ ಇವುಗಳ ತೊಂದರೆ ಒಂದೇ, ಆದರೆ ದೊಡ್ಡದು: ಸುಣ್ಣಕ್ಕೂ ಹುಳಿಗೂ ಆಗದು. ನಿಂಬೆಯ ಹೋಳನ್ನು ಬೋರಲಾಗಿಟ್ಟು ಮರೆತರೆ ಅದರ ಉಂಗುರ ಅಲ್ಲಿಯೇ ಉಳಿದುಬಿಡುತ್ತದೆ. ಅದು ಕಲೆಯಲ್ಲ, ತಿಕ್ಕಿ ತೆಗೆಯುವಂತಹುದಲ್ಲ. ಅಷ್ಟು ಕಲ್ಲನ್ನು ಹುಳಿ ತಿಂದಿರುತ್ತದೆ.

ಅಮೃತಶಿಲೆಯ ಗತಿಯೂ ಇದೇ. ತಾಜಮಹಲಿಗೆ ಹೋದ ಮಕರಾಣದ ಕಲ್ಲು ಜಾತಿಯಲ್ಲಿ ಉನ್ನತವಾದುದು, ನಿಜ. ಆದರೆ ಅದೂ ಸುಣ್ಣಕಲ್ಲು ಭೂಗರ್ಭದ ಕಾವಿನಲ್ಲಿ ಬೆಂದು ಹರಳುಗಟ್ಟಿದ ರೂಪವೇ. ಹೆಸರಿನಲ್ಲಿ ಅಮೃತವಿದ್ದರೂ ಹುಣಸೆಯ ಹನಿ ಬಿದ್ದರೆ ಅದರ ಹೊಳಪು ಸಾಯುತ್ತದೆ. ಶಹಜಹಾನನ ಗೋರಿಯ ಮೇಲೆ ಯಾರೂ ಸಾರು ಕಲಸುವುದಿಲ್ಲವಷ್ಟೆ. ಮಜ್ಜಿಗೆ, ಹುಳಿ, ನಿಂಬೆಯ ಉಪ್ಪಿನಕಾಯಿ ಇಲ್ಲದೆ ಊಟವೇಳದ ನಮ್ಮ ನಾಡಿನಲ್ಲಿ ಬಿಳಿಯ ಅಮೃತಶಿಲೆಯ ಕಟ್ಟೆ ಮಾಡಿಸುವವರು ಸೊಸೆಗೆ ಜೀವಾವಧಿ ಕಾವಲುಗಾರ್ತಿಯ ಕೆಲಸ ಕೊಡುತ್ತಾರೆ ಎಂದೇ ನನ್ನ ಅಭಿಪ್ರಾಯ.

ಉಳಿದುದು ಗ್ರಾನೈಟು. ನಮ್ಮ ಪಠ್ಯಪುಸ್ತಕಗಳು ಅದನ್ನು ಕಣಶಿಲೆ ಎಂದವು. ಒಳ್ಳೆಯ ಶಬ್ದ, ಕಣ್ಣಿಗೆ ಕಾಣುವುದನ್ನೇ ಹೇಳುತ್ತದೆ. ಬೆಣಚು, ಫೆಲ್ಡ್‌ಸ್ಪಾರು, ಅಲ್ಲಲ್ಲಿ ಮಿನುಗುವ ಕಾಗೆಬಂಗಾರ ಇವುಗಳ ಕಾಳುಗಳು ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕುಳಿತಿರುತ್ತವೆ. ಜರ್ಮನಿಯ ಮೋಹ್ಸ್ ಎಂಬ ವಿಜ್ಞಾನಿ ೧೮೧೨ರಲ್ಲಿ ಖನಿಜಗಳ ಗಡಸುತನಕ್ಕೆ ೧ರಿಂದ ೧೦ರವರೆಗೆ ಒಂದು ಏಣಿ ಹಾಕಿದನು. ಅದರಲ್ಲಿ ಬಳಪದ ಖನಿಜಕ್ಕೆ ೧, ಅಮೃತಶಿಲೆಯ ಖನಿಜಕ್ಕೆ ೩, ಫೆಲ್ಡ್‌ಸ್ಪಾರಿಗೆ ೬, ಬೆಣಚಿಗೆ ೭. ನಮ್ಮ ಚಾಕು ನಿಲ್ಲುವುದು ಐದು, ಐದೂವರೆಯ ಸುಮಾರಿಗೆ. ಎಂದರೆ ಗ್ರಾನೈಟಿನ ಮೇಲೆ ಚಾಕು ಎಳೆದರೆ ಸವೆಯುವುದು ಚಾಕುವೇ. ಹುಳಿಗೂ ಅದು ಜಗ್ಗುವುದಿಲ್ಲ. ಇಳಕಲ್ ಎಂದರೆ ಕೇಳುವವರಿಗೆ ಸೀರೆ ನೆನಪಾಗುತ್ತದೆ. ಆ ಊರಿನ ಸುತ್ತಿನ ಕೆಂಪು ಗ್ರಾನೈಟು ಕೂಡ ದೇಶಾಂತರಗಳಿಗೆ ಹೋಗಿದೆ. ಸೆರಗಿನ ಕೆಂಪಿಗೂ ಕಲ್ಲಿನ ಕೆಂಪಿಗೂ ಸಂಬಂಧವೇನಿಲ್ಲ, ಆದರೂ ಒಂದೇ ಊರಿಗೆ ಎರಡೂ ಒಲಿದುದು ಸೊಗಸಾಗಿದೆ. ಇನ್ನು ಚಾಮರಾಜನಗರದ ಕಡೆಯಿಂದ ಬರುವ ಕಪ್ಪು ಗ್ರಾನೈಟನ್ನು ಭೂವಿಜ್ಞಾನಿಗಳು ಗ್ರಾನೈಟೆಂದು ಒಪ್ಪುವುದೇ ಇಲ್ಲ. ಹಳೆಯ ಬಂಡೆಗಳ ಬಿರುಕಿನಲ್ಲಿ ಕೆಳಗಿನಿಂದ ನುಗ್ಗಿ ಹೆಪ್ಪುಗಟ್ಟಿದ ಬೇರೊಂದು ಶಿಲೆ ಅದು. ಡಾಲರೈಟ್ ಎಂದು ಅದರ ಹೆಸರು. ವ್ಯಾಪಾರದ ಭಾಷೆಗೆ ವ್ಯಾಕರಣವಿಲ್ಲ. ಪಾಲಿಶ್ ಹತ್ತುವ ಗಟ್ಟಿ ಕಲ್ಲೆಲ್ಲ ಅಲ್ಲಿ ಗ್ರಾನೈಟೇ. ಆದರೆ ಅಡಿಗೆಮನೆಗೆ ಈ ಕರಿಕಲ್ಲು ಬಹಳ ಒಳ್ಳೆಯದು. ಕಾಳು ಸಣ್ಣದು, ಹೆಣಿಗೆ ಬಿಗಿ, ಎಣ್ಣೆಯನ್ನು ಕುಡಿಯುವುದು ತೀರ ಕಡಿಮೆ.

ಇಲ್ಲಿ ನಮ್ಮ ಸೀಮೆಯ ಕಲ್ಲಿನ ಬಗೆಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ನಮ್ಮ ಗುತ್ತಲವು ಶಾಸನಗಳ ಗುತ್ತವೊಳಲ್. ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡ ಗುತ್ತ ಅರಸರ ರಾಜಧಾನಿ. ಅವರ ಶಾಸನಗಳು ಹತ್ತಿರದ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮುಕ್ತೇಶ್ವರ ಗುಡಿಯ ಅಂಗಳದಲ್ಲಿ ಆಳೆತ್ತರದ ಕಲ್ಲುಗಳ ಮೇಲೆ ನಿಂತಿವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಶಿಲ್ಪಿಯ ಮನಸ್ಸು ಬಳಪದ ಕಲ್ಲಿನ ಕಡೆಗೆ ತಿರುಗಿತು. ೧೦೫೦ರ ಸುಮಾರಿನ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಆ ತಿರುವಿನ ಮೊದಲ ಮಾದರಿಯೆಂದು ವಿದ್ವಾಂಸರು ಎಣಿಸುತ್ತಾರೆ. ಹಾವೇರಿಯ ಸಿದ್ಧೇಶ್ವರ ಗುಡಿ ಇದೇ ಕಲ್ಲಿನದು. ಗಣಿಯಿಂದ ತೆಗೆದಾಗ ಮೃದು, ಉಳಿ ಹೇಳಿದಂತೆ ಕೇಳುತ್ತದೆ. ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದ ಮೇಲೆ ಬಿಗಿಯುತ್ತದೆ. ಸರಪಳಿಯಂತಹ ಬಳ್ಳಿ, ಕೂದಲೆಳೆಯ ಆಭರಣ ಇವೆಲ್ಲ ಆ ಮೃದುತನದ ಕೊಡುಗೆ. ಶ್ರವಣಬೆಳ್ಗೊಳದ ಗೊಮ್ಮಟನ ಮೈಮೇಲೆ ಒಡವೆಯಿಲ್ಲದಿರುವುದಕ್ಕೆ ಜೈನಧರ್ಮವೇ ಕಾರಣ, ಒಪ್ಪತಕ್ಕದ್ದೇ. ಆದರೆ ಅಲ್ಲಿಯ ಕಣಶಿಲೆಯೂ ಆ ವೈರಾಗ್ಯಕ್ಕೆ ಒಪ್ಪುವಂತಹುದೇ ಆಗಿತ್ತು.

ಬಳಪದ ಕಲ್ಲು ಅಡಿಗೆಮನೆಗೂ ಹೊಸದಲ್ಲ. ಕಲ್ಲಿನ ಚಟ್ಟಿ, ಮಲೆನಾಡಿನ ಮರಿಗೆ ಇವು ಅದರಿಂದಲೇ ಆದವು. ಹುಳಿಗೆ ಅದು ಹೆದರದು. ಆದುದರಿಂದಲೇ ಹುಳಿ ಪದಾರ್ಥಗಳನ್ನು ಮರಿಗೆಯಲ್ಲಿಡುವ ರೂಢಿ ಬಂದಿತು. ಕಾವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಪಶ್ಚಿಮ ದೇಶಗಳಲ್ಲಿ ರಸಾಯನ ಪ್ರಯೋಗಶಾಲೆಗಳ ಮೇಜುಗಳಿಗೂ ಕೆಲವು ಮನೆಗಳ ಅಡಿಗೆ ಕಟ್ಟೆಗಳಿಗೂ ಇದೇ ಜಾತಿಯ ಕಲ್ಲನ್ನು ಹಾಸಿದ್ದಾರೆ. ನಮ್ಮ ಅಂಗಡಿಗಳಲ್ಲಿ ಹಲಗೆಯಾಗಿ ಸಿಗುವುದು ಅಪರೂಪ. ಸಿಕ್ಕರೂ ಕೊಬ್ಬರಿ ಒಡೆಯುವ, ಬೆಳ್ಳುಳ್ಳಿ ಜಜ್ಜುವ ನಮ್ಮ ಕೈಗೆ ಅದು ಮೆದುವಾಯಿತು.

ಇನ್ನು ಆರಿಸುವ ಬಗೆ. ನಮ್ಮೂರ ಕಡೆಯ ಹಳೆಯ ಮಿಸ್ತ್ರಿಯೊಬ್ಬರು ನನಗೆ ಹೇಳಿದುದು ಇದು: “ಸರ, ಮಾರಿ ನೋಡಿ ಕಲ್ಲ ತಗೋಬ್ಯಾಡ್ರಿ. ಮಾರಿಗೆ ಪಾಲಿಶ್ ಇರತೈತಿ. ಬೆನ್ನ ನೋಡ್ರಿ.” ವಧುಪರೀಕ್ಷೆಗೆ ಹೋಗುವವರ ಕಿವಿಗೆ ಬೀಳಬಾರದ ಮಾತು, ಆದರೆ ಕಲ್ಲಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಶಾಸ್ತ್ರವಿಲ್ಲ. ಹಲಗೆಯ ಬೆನ್ನಿನ ಮೇಲೆ ಒಂದು ತಂಬಿಗೆ ನೀರು ಸುರಿದು ಕಾಯಬೇಕು. ಮೈಯೆಲ್ಲ ಆರುತ್ತ ಬಂದ ಹಾಗೆ, ಬಿರುಕಿದ್ದಲ್ಲಿ ನೀರು ಒಳಗೆ ಅವಿತು, ಕೂದಲಿನಷ್ಟು ಸಣ್ಣ ಕಪ್ಪು ಗೆರೆಯಾಗಿ ಉಳಿದುಕೊಳ್ಳುತ್ತದೆ. ಎಲ್ಲ ಗೆರೆಯೂ ಬಿರುಕಲ್ಲ. ಕಲ್ಲಿಗೆ ಹುಟ್ಟುಗೆರೆಗಳೂ ಉಂಟು. ಉಗುರನ್ನು ಅಡ್ಡಲಾಗಿ ಎಳೆದು ನೋಡಿದರೆ ಹುಟ್ಟುಗೆರೆಯ ಮೇಲೆ ಅದು ಜಾರುತ್ತದೆ, ಬಿರುಕಿನಲ್ಲಿ ತಡೆಯುತ್ತದೆ.

ಈ ಪರೀಕ್ಷೆಯನ್ನು ಮೊದಲ ಸಲ ಕಂಡಾಗ ನನಗೆ ರೋಮಾಂಚನವಾಯಿತು. ಏಕೆಂದರೆ ಈ ನಾಡಿನ ಪ್ರತಿಯೊಂದು ಮಗುವೂ ಕೇಳಿರುವ ಕಥೆಯೊಳಗೆ ಇದು ಹುದುಗಿದೆ. ಬೇಲೂರಿನಲ್ಲಿ ಜಕ್ಕಣಾಚಾರಿ ಮೂರ್ತಿಯನ್ನು ಕಡೆದು ಮುಗಿಸಿದ್ದಾನೆ; ಎಲ್ಲಿಂದಲೋ ಬಂದ ಹುಡುಗನೊಬ್ಬ ಕಲ್ಲಿನಲ್ಲಿ ದೋಷವಿದೆಯೆನ್ನುತ್ತಾನೆ; ಮಹಾಶಿಲ್ಪಿ ಕೆರಳಿ, ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುವೆನೆಂದು ಪಣ ತೊಡುತ್ತಾನೆ. ಮೂರ್ತಿಗೆ ಮೈತುಂಬ ಗಂಧ ಲೇಪಿಸುತ್ತಾರೆ. ಎಲ್ಲ ಕಡೆಯೂ ಗಂಧ ಆರುತ್ತದೆ, ಹೊಕ್ಕುಳಿನ ಸುತ್ತ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟರೆ ನೀರು, ಮರಳು, ಒಂದು ಕಪ್ಪೆ. ಆ ಹುಡುಗನೇ ಅವನ ಮಗ ಡಂಕಣ. ನಾವು ಸಾಹಿತ್ಯದವರು ಈ ಕಥೆಯಲ್ಲಿ ತಂದೆ ಮಗ, ಅಹಂಕಾರ, ವಿಧಿ ಎಂದು ಏನೆಲ್ಲ ಹುಡುಕಿದ್ದೇವೆ. ಇತಿಹಾಸದವರು ಜಕ್ಕಣನೆಂಬ ಶಿಲ್ಪಿಯ ಹೆಸರು ಬೇಲೂರಿನಲ್ಲಿ ಇಲ್ಲವೆನ್ನುತ್ತಾರೆ. ಅಲ್ಲಿ ರುಜು ಹಾಕಿರುವವರಲ್ಲಿ ನಮಗೆ ನೆರೆಯ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಅದೆಲ್ಲ ಇರಲಿ. ಕಥೆ ಕಟ್ಟಿದವನು ಯಾರೇ ಆಗಲಿ, ಕಲ್ಲಿನ ಕೆಲಸ ಬಲ್ಲವನು. ಒದ್ದೆ ಎಲ್ಲಿ ಆರುವುದಿಲ್ಲವೋ ಅಲ್ಲಿ ದೋಷ ಎಂಬ ಕಸುಬಿನ ಗುಟ್ಟನ್ನು ಅವನು ಕಥೆಯ ಹೊಟ್ಟೆಯಲ್ಲಿಟ್ಟು ನಮಗೆ ಕಳಿಸಿಕೊಟ್ಟಿದ್ದಾನೆ. ಅಂಗಡಿಯ ಹಿತ್ತಿಲಿನಲ್ಲಿ ತಂಬಿಗೆ ಹಿಡಿದು ನಿಂತ ಮಿಸ್ತ್ರಿಗೂ ಗಂಧದ ಬಟ್ಟಲು ಹಿಡಿದ ಡಂಕಣನಿಗೂ ನಡುವೆ ಕಸುಬಿನ ದೂರ ಬಹಳವಿಲ್ಲ.

ಶಿಲ್ಪಶಾಸ್ತ್ರದ ಗ್ರಂಥಗಳು ಕಲ್ಲನ್ನು ನಾದದಿಂದಲೂ ಪರೀಕ್ಷಿಸುತ್ತವೆ. ಗಂಟೆಯಂತೆ ದನಿಗೊಡುವುದು ಪುರುಷಶಿಲೆ, ಕಂಚಿನ ತಾಳದಂತಹುದು ಸ್ತ್ರೀಶಿಲೆ, ದನಿಯೇ ಇಲ್ಲದುದು ನಪುಂಸಕ. ಅಡಿಗೆಮನೆಯ ಕಲ್ಲಿಗೆ ಲಿಂಗವಿಚಾರ ಬೇಡ. ಆದರೆ ರೂಪಾಯಿಯ ನಾಣ್ಯದಿಂದ ಹಲಗೆಯನ್ನು ಅಲ್ಲಲ್ಲಿ ಬಡಿದು ನೋಡಿರಿ. ಠಣ್ ಎಂದು ಒಂದೇ ಸಮನೆ ಹೇಳಿದರೆ ಸರಿ. ಎಲ್ಲಿಯಾದರೂ ಬೊದ್ದುದನಿ ಬಂದರೆ ಆ ಹಲಗೆಯನ್ನು ಬಿಟ್ಟು ಮುಂದೆ ಹೋಗಬೇಕು.

ಇನ್ನೆರಡು ಪರೀಕ್ಷೆಗಳನ್ನು ಅಂಗಡಿಯಲ್ಲಿ ನಿಂತು ಮಾಡುವುದಕ್ಕಿಂತ ಒಂದು ತುಂಡನ್ನು ಕೇಳಿ ಮನೆಗೆ ತಂದು ಮಾಡುವುದು ಲೇಸು. ನಿಂಬೆಯ ರಸದ ಹನಿಯನ್ನು ಹತ್ತು ನಿಮಿಷ ಬಿಟ್ಟು ಒರೆಸಿರಿ. ಹೊಳಪು ಮಂಕಾದರೆ ಅಂಗಡಿಯವನು ಏನೇ ಹೆಸರು ಹೇಳಲಿ, ಕಲ್ಲಿನಲ್ಲಿ ಸುಣ್ಣವಿದೆ. ಎರಡನೆಯದಕ್ಕೆ ನಮ್ಮ ಜಿಲ್ಲೆಯ ಬೆಳೆಯೇ ಸಾಕು. ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದರ ಖ್ಯಾತಿಯೆಲ್ಲ ಖಾರಕ್ಕಿಂತ ಹೆಚ್ಚಾಗಿ ಬಣ್ಣದ್ದು. ಅದರ ಪುಡಿಯನ್ನು ಕುಸುಬೆ ಎಣ್ಣೆಯಲ್ಲಿ ಕಲಸಿ ಒಂದು ಚಮಚ ಕಲ್ಲಿನ ಮೇಲೆ ಹಾಕಿ ರಾತ್ರಿ ಬಿಡಿರಿ. ಬೆಳಿಗ್ಗೆ ಸಾಬೂನಿನಿಂದ ತೊಳೆದಾಗ ಕೆಂಪು ಉಳಿದರೆ ಆ ಕಲ್ಲಿಗೆ ಬಾಯಾರಿಕೆ ಹೆಚ್ಚು. ಬೆಳ್ಳನೆಯ, ದಪ್ಪ ಕಾಳಿನ ಗ್ರಾನೈಟುಗಳಲ್ಲಿ ಇದು ಆಗುವುದುಂಟು. ಬಹಳ ಕಪ್ಪಾದ ಕಲ್ಲಿಗೆ ಇನ್ನೊಂದು ಸಂದೇಹ ಬೇಕು, ಏಕೆಂದರೆ ಕಲ್ಲಿಗೂ ತಲೆಗೂದಲಿನಂತೆ ಬಣ್ಣ ಹಚ್ಚುವವರಿದ್ದಾರೆ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಬಿಳಿಯ ಬಟ್ಟೆ ಅದ್ದಿ ತಿಕ್ಕಿದರೆ ಬಟ್ಟೆ ಸತ್ಯ ಹೇಳುತ್ತದೆ.

ಇತ್ತೀಚೆಗೆ ನಗರಗಳಿಂದ ನಮ್ಮ ಕಡೆಗೂ ಬರುತ್ತಿರುವ ಕೃತಕ ಕಲ್ಲಿನ ವಿಷಯ ಬೇರೆ. ಬೆಣಚುಕಲ್ಲನ್ನು ಪುಡಿಮಾಡಿ ರಾಳದ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಕ್ವಾರ್ಟ್ಜ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಕಲೆ ಹಿಡಿಯದು, ಬೇಕಾದ ಬಣ್ಣದಲ್ಲಿ ಸಿಗುತ್ತದೆ. ಕಾದ ಬಾಣಲೆಯಿಟ್ಟರೆ ಮಾತ್ರ ಅಂಟು ಕಂದುತ್ತದೆ. ಕೊಳ್ಳುವವನಿಗೆ ಇಷ್ಟೇ ತೊಂದರೆ. ಕತ್ತರಿಸುವವನಿಗೆ ಆಗುವ ತೊಂದರೆ ಇದಲ್ಲ. ಬೆಣಚಿನ ಸೂಕ್ಷ್ಮ ಧೂಳು ಉಸಿರಿನೊಡನೆ ಪುಪ್ಪುಸಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಅಲ್ಲಿಯೇ ಗಾಯ ಮಾಡಿ, ಗಾಯ ಕಲೆಗಟ್ಟಿ, ಉಸಿರು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಸಿಲಿಕೋಸಿಸ್ ಎಂದು ಅದರ ಹೆಸರು, ಗುಣವಾಗುವ ರೋಗವಲ್ಲ. ಗ್ರಾನೈಟಿನಲ್ಲಿ ಈ ಬೆಣಚು ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿದ್ದರೆ, ಕೃತಕ ಕಲ್ಲುಗಳಲ್ಲಿ ನೂರಕ್ಕೆ ತೊಂಬತ್ತನ್ನು ಮೀರಿದ್ದುಂಟು. ಆಸ್ಟ್ರೇಲಿಯದಲ್ಲಿ ಇದನ್ನು ಕತ್ತರಿಸುತ್ತಿದ್ದ ಎಳೆಯ ವಯಸ್ಸಿನ ಕೆಲಸಗಾರರಿಗೆ ರೋಗ ಹತ್ತಿದುದು ಬೆಳಕಿಗೆ ಬಂದು, ೨೦೨೪ರ ಜುಲೈ ೧ರಿಂದ ಆ ದೇಶ ಇಂತಹ ಹಲಗೆಗಳನ್ನು ನಿಷೇಧಿಸಿತು.

ನಮಗೆ ಈ ರೋಗ ಹೊಸದಲ್ಲ. ಮಧ್ಯಪ್ರದೇಶದ ಮಂದಸೌರದಲ್ಲಿ ಪಾಟಿಯ ಕಡ್ಡಿ ಮಾಡುತ್ತಿದ್ದ ಕೂಲಿಕಾರರು ಈ ಧೂಳಿನಿಂದಲೇ ಅಕಾಲದಲ್ಲಿ ಸತ್ತರು. ನಮ್ಮ ಪೀಳಿಗೆಯವರು ಓಂ ನಾಮ ತಿದ್ದಿದ ಕಡ್ಡಿ ಎಲ್ಲಿಂದ ಬಂದಿತೆಂದು ಆಗ ಕೇಳಿದವರಿಲ್ಲ. ೧೯೪೮ರ ಫ್ಯಾಕ್ಟರಿ ಕಾಯಿದೆ ಈ ರೋಗವನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಮೋಟಾರ್ ಸೈಕಲ್ಲಿನ ಹಿಂದೆ ಕತ್ತರಿಸುವ ಯಂತ್ರ ಕಟ್ಟಿಕೊಂಡು ಮನೆಯಿಂದ ಮನೆಗೆ ಹೋಗುವ ಹುಡುಗನಿಗೆ ಫ್ಯಾಕ್ಟರಿ ಯಾವುದು? ನಮ್ಮ ಅಂಗಳವೇ ಅವನ ಫ್ಯಾಕ್ಟರಿ. ನಾವು ಕಿಟಕಿ ಮುಚ್ಚಿಕೊಂಡು ಒಳಗೆ ಕೂಡುತ್ತೇವೆ. ಅವನು ಬಾಯಿಗೆ ಟವೆಲ್ ಸುತ್ತಿಕೊಂಡು, ಹುಬ್ಬು ರೆಪ್ಪೆಗಳೆಲ್ಲ ಬೆಳ್ಳಗಾಗಿ, ಆ ಮೋಡದ ನಡುವೆ ಕುಳಿತಿರುತ್ತಾನೆ. ಟವೆಲು ಆ ಧೂಳನ್ನು ತಡೆಯದು. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಅಪಾಯಕಾರಿ. ತಡೆಯುವುದು ನೀರು. ಯಂತ್ರದ ಅಲಗಿನ ಮೇಲೆ ಒಂದು ಕೊಳವೆಯಿಂದ ನೀರು ಸದಾ ಬೀಳುತ್ತಿದ್ದರೆ ಧೂಳು ಕೆಸರಾಗಿ ನೆಲಕ್ಕಿಳಿಯುತ್ತದೆ. ಯಂತ್ರಕ್ಕೆ ವಿದ್ಯುತ್ತಿನ ಸಂಬಂಧವಿರುವುದರಿಂದ ನೀರು ಬಿಡುವ ಏರ್ಪಾಡಿರುವ ಯಂತ್ರವೇ ಬೇಕು. ಸಾಧಾರಣ ಯಂತ್ರಕ್ಕೆ ಬಕೆಟ್ಟಿನಿಂದ ನೀರು ಸುರಿಯುವ ಸಾಹಸ ಬೇಡ. ಆದುದರಿಂದ ಅಳತೆ ಕೊಟ್ಟು, ಸಿಂಕಿನ ಕಿಂಡಿ ಒಲೆಯ ಕಿಂಡಿಗಳನ್ನೂ ಸೇರಿಸಿ, ನೀರಿನ ಯಂತ್ರವಿರುವ ಕಡೆಯಲ್ಲಿಯೇ ಕತ್ತರಿಸಿಸಿ ತರುವುದು ಉತ್ತಮ. ನಾಲ್ಕು ನೂರು ಹೆಚ್ಚಾದೀತು. ಕಲ್ಲಿನ ಬಣ್ಣಕ್ಕಾಗಿ ನಾಲ್ಕು ಸಾವಿರ ಹೆಚ್ಚಿಗೆ ಕೊಡುವವರು ಇದಕ್ಕೆ ಚೌಕಾಶಿ ಮಾಡುವುದನ್ನು ಕಂಡಿದ್ದೇನೆ. ನನಗೆ ಅದು ಸೇರುವುದಿಲ್ಲ.

ಎತ್ತರದ ಮಾತೊಂದು ಉಳಿದಿದೆ. ಮಿಸ್ತ್ರಿಗಳಿಗೆ ೩೨ರಿಂದ ೩೪ ಅಂಗುಲ ಎಂಬುದು ವೇದವಾಕ್ಯ. ಅಡಿಗೆ ಮಾಡುವವರ ಮೊಣಕೈಯಿಂದ ನಾಲ್ಕಾರು ಅಂಗುಲ ಕೆಳಗೆ ಕಟ್ಟೆಯಿರಬೇಕೆಂಬುದು ಅದಕ್ಕಿಂತ ಒಳ್ಳೆಯ ಲೆಕ್ಕ. ಹಾಗಿದ್ದರೆ ಅಳೆಯಬೇಕಾದುದು ಯಾರನ್ನು? ಮನೆಯಾಕೆಯನ್ನು ಕರೆದು ನಿಲ್ಲಿಸಿ ಅಳತೆ ಮಾಡಿದ ಮಿಸ್ತ್ರಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಕಡೆ ಇನ್ನೂ ಒಂದು ತೊಡಕಿದೆ: ರೊಟ್ಟಿ ಬಡಿಯುವ ಕೈಗೆ ಭುಜದ ಭಾರ ಬೇಕು, ಗ್ಯಾಸಿನ ಕಟ್ಟೆಯ ಎತ್ತರ ಅದಕ್ಕೆ ಹೆಚ್ಚಾಗುತ್ತದೆ. ಜಾಗವಿದ್ದವರು ಕಟ್ಟೆಯ ಒಂದು ಮೂಲೆಯನ್ನು ನಾಲ್ಕು ಅಂಗುಲ ತಗ್ಗಿಸಿದರೆ ಎಷ್ಟೋ ಹೆಗಲುಗಳು ಹರಸುತ್ತವೆ. ಕಲ್ಲಿನ ತೂಕವೂ ಗಮನದಲ್ಲಿರಲಿ. ಮುಕ್ಕಾಲು ಅಂಗುಲ ದಪ್ಪದ ಗ್ರಾನೈಟು ಚದರಡಿಗೆ ಸುಮಾರು ೫ ಕಿಲೋ ತೂಗುತ್ತದೆ. ಇಪ್ಪತ್ತು ಚದರಡಿಯ ಕಟ್ಟೆಯೆಂದರೆ ಒಂದು ಕ್ವಿಂಟಲ್ ಜೋಳದ ಚೀಲ. ಕೆಳಗಿನ ಆಧಾರ ಗಟ್ಟಿಯಿಲ್ಲದಿದ್ದರೆ ಮೊದಲು ಸೀಳುವುದು ಸಿಂಕಿನ ಕಿಂಡಿಯ ಮೂಲೆ.

ಅಗ್ಗವೆಂದು ಹಳೆಯ ಕಲ್ಲುಗಳನ್ನು ತಂದು ಹಾಕುವವರಿಗೆ ಒಂದು ಬಿನ್ನಹ. ಪಾಳುಬಿದ್ದ ಗುಡಿಯ ಸುತ್ತ ಬಿದ್ದಿರುವ ಚಪ್ಪಟೆ ಕಲ್ಲು ಬಟ್ಟೆ ಒಗೆಯುವುದಕ್ಕೋ ದನದ ಮನೆಯ ಮೆಟ್ಟಿಲಿಗೋ ಬಂದುದನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ಎತ್ತುವ ಮೊದಲು ಮಗುಚಿ ನೋಡಿರಿ. ಮಿಸ್ತ್ರಿ ಹೇಳಿದಂತೆ ಬೆನ್ನನ್ನು ನೋಡಬೇಕು. ಅಲ್ಲಿ ಅಕ್ಷರಗಳಿದ್ದರೆ ಇದ್ದಲ್ಲಿಯೇ ಬಿಟ್ಟು ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ಒಂದು ಮಾತು ತಿಳಿಸಿರಿ.

ಕಡೆಯದಾಗಿ ಒಂದು ಸಣ್ಣ ಸಂಗತಿ. ಸಿಂಕಿಗಾಗಿ ಹಲಗೆಯ ನಡುವಿನಿಂದ ಕತ್ತರಿಸಿ ತೆಗೆದ ತುಂಡು ನಿಮ್ಮದೇ. ಚದರಡಿಯ ಲೆಕ್ಕದಲ್ಲಿ ಅದಕ್ಕೂ ನೀವು ಹಣ ಕೊಟ್ಟಿರುತ್ತೀರಿ. ಅನೇಕರು ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರುತ್ತಾರೆ. ಕೇಳಿ ತೆಗೆದುಕೊಳ್ಳಿರಿ, ಅಂಚನ್ನು ಉಜ್ಜಿಸಿಕೊಳ್ಳಿರಿ. ಕಾದ ಪಾತ್ರೆ ಇಳಿಸುವುದಕ್ಕೆ, ಚಪಾತಿ ಲಟ್ಟಿಸುವುದಕ್ಕೆ, ಏನೂ ಇಲ್ಲದಿದ್ದರೆ ಹಿತ್ತಿಲ ಬಾಗಿಲಿನಲ್ಲಿ ನೀರಿನ ಕೊಡ ಇಡುವುದಕ್ಕೆ ಬರುತ್ತದೆ.